ಡಯಲ್ ತಿರುಗಿಸುವ ಫೋನಿಗೆ ಫೈಬರ್ ಲೈನು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹಳೇ ಫೋನುಗಳಿಗೆ ಬರವಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗಲೆಲ್ಲ ಅಟ್ಟದಿಂದ ಒಂದಾದರೂ ಡಯಲ್ ಫೋನು ಕೆಳಗಿಳಿಯುತ್ತದೆ. ಅದನ್ನು ಶೋಕೇಸಿನಲ್ಲಿಟ್ಟು ಸುಮ್ಮನಾಗದೆ, ಮತ್ತೆ ಮಾತಾಡುವ ಹಾಗೆ ಮಾಡಬೇಕು ಅನ್ನುವವರು ಕೇಳುತ್ತ ಬಂದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಫೋನಿನೊಳಗೆ ಏನನ್ನೂ ಕತ್ತರಿಸಬಾರದು; ಬದಲಾವಣೆ ಏನಿದ್ದರೂ ಗೋಡೆಯ ಕಡೆಗೆ ಇರಲಿ.

## ಶುರುವಿಗೆ

ತಾತನ ಕಾಲದ ಕಪ್ಪು ಫೋನು ಸಿಕ್ಕಿದೆ. ಫೈಬರ್ ಪೆಟ್ಟಿಗೆ ಹಿಂದೆ ಫೋನ್ ಅಂತ ಒಂದು ತೂತಿದೆಯಲ್ಲ, ಅದಕ್ಕೆ ಸಿಕ್ಕಿಸಿದ್ರೆ ನಡೆಯುತ್ತಾ?

ಅರ್ಧ ನಡೆಯುತ್ತದೆ. ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತದೆ, ಯಾರಾದರೂ ಕರೆ ಮಾಡಿದರೆ ಬಹುಶಃ ಗಂಟೆಯೂ ಹೊಡೆಯುತ್ತದೆ, ಮಾತೂ ಆಡಬಹುದು. ನೀವಾಗಿ ನಂಬರ್ ತಿರುಗಿಸಿದರೆ ಮಾತ್ರ ಡಯಲ್ ಟೋನ್ ನಿಲ್ಲದೆ ಗುಂಯ್‌ಗುಡುತ್ತಲೇ ಇರುವ ಸಾಧ್ಯತೆ ಹೆಚ್ಚು.

ಹಳೇ ಎಕ್ಸ್‌ಚೇಂಜು ಎರಡು ತಂತಿಯ ಮೇಲೆ 48 ವೋಲ್ಟ್ ಕಳಿಸುತ್ತಿತ್ತು, ಗಂಟೆಗೆ ಬೇರೆ ವಿದ್ಯುತ್ ಕೊಡುತ್ತಿತ್ತು, ಡಯಲಿನ ಮಿಡಿತಗಳನ್ನು ಎಣಿಸುತ್ತಿತ್ತು. ಫೈಬರ್ ಪೆಟ್ಟಿಗೆಯ ಆ ತೂತು ಇದನ್ನೆಲ್ಲ ಸಣ್ಣ ಮಟ್ಟದಲ್ಲಿ ಅನುಕರಿಸುತ್ತದೆ. ಆದರೆ ಈಗ ಯಾರೂ ಡಯಲ್ ತಿರುಗಿಸುವುದಿಲ್ಲ ಎಂದುಕೊಂಡು ಎಷ್ಟೋ ತಯಾರಕರು ಎಣಿಸುವ ಕೆಲಸವನ್ನು ಕೈಬಿಟ್ಟಿದ್ದಾರೆ. ಹಾಗಾಗಿ ಯಾವ ಪೆಟ್ಟಿಗೆಯಾದರೂ ಕೇಳಬೇಕಾದ್ದು ಎರಡೇ: ಇದು ಪಲ್ಸ್ ಎಣಿಸುತ್ತದೆಯೇ? ಇದಕ್ಕೆ ಹಳೇ ಗಂಟೆ ಹೊಡೆಯುವಷ್ಟು ಕಸುವಿದೆಯೇ? ಉಳಿದ ತೊಂದರೆಗಳೆಲ್ಲ ಚಿಲ್ಲರೆ.

ಪಲ್ಸ್ ಪಲ್ಸ್ ಅಂತೀರಲ್ಲ, ಹಾಗಂದ್ರೇನು?

5ರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಡಿ. ಡಯಲ್ ವಾಪಸ್ ಬರುವಾಗ ಲೈನಿನ ಸಂಪರ್ಕ ಐದು ಸಲ ಕಡಿದು ಐದು ಸಲ ಕೂಡುತ್ತದೆ. 1ಕ್ಕೆ ಒಂದು ಸಲ, 9ಕ್ಕೆ ಒಂಬತ್ತು, 0ಗೆ ಹತ್ತು. ವೇಗ ಸೆಕೆಂಡಿಗೆ 10 ಮಿಡಿತ; ಪ್ರತಿ ಮಿಡಿತದ ಸುಮಾರು ಮೂರನೇ ಎರಡು ಪಾಲು ಹೊತ್ತು ಲೈನು ಕಡಿದಿರುತ್ತದೆ. ಸ್ಟ್ರೌಜರ್ ಎಂಬ ಹಳೇ ಯಾಂತ್ರಿಕ ಎಕ್ಸ್‌ಚೇಂಜಿನಲ್ಲಿ ಒಂದೊಂದು ಮಿಡಿತಕ್ಕೂ ಒಂದು ಸೆಲೆಕ್ಟರ್ ಟಕ್ ಎಂದು ಒಂದು ಮೆಟ್ಟಿಲು ಏರುತ್ತಿತ್ತು. ಅಂದರೆ ಮನೆಯಲ್ಲಿ ಕೂತು ನೀವು ತಿರುಗಿಸಿದ ಡಯಲ್, ದೂರದಲ್ಲೊಂದು ಕಬ್ಬಿಣದ ಕೈಯನ್ನು ನಿಜವಾಗಿಯೂ ಅಲ್ಲಾಡಿಸುತ್ತಿತ್ತು.

ಬಟನ್ ಫೋನಿನ ಟೋನ್ ಬೇರೆ ಜಾತಿ. ಅಲ್ಲಿ ಪ್ರತಿ ಅಂಕಿಗೂ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ, ಲೈನು ಕಡಿಯುವುದಿಲ್ಲ.

ಎಸ್‌ಟಿಡಿ ಬಿಲ್ಲಿಗೆ ಹೆದರಿ ಮನೆಯ ಯಜಮಾನರು ಡಯಲಿನ ತೂತಿಗೆ ಪುಟ್ಟ ಬೀಗ ಜಡಿಯುತ್ತಿದ್ದ ಕಾಲ ನೆನಪಿರುವವರಿಗೆ, ಆ ಬೀಗವನ್ನು ಹುಡುಗರು ಹೇಗೆ ಗೆಲ್ಲುತ್ತಿದ್ದರು ಎಂಬುದೂ ನೆನಪಿರುತ್ತದೆ. ರಿಸೀವರ್ ಇಡುವ ಕೊಕ್ಕೆಯನ್ನು ಲಯಬದ್ಧವಾಗಿ ಕುಟ್ಟಿದರೆ ಅದೂ ಪಲ್ಸೇ. ಪಲ್ಸ್ ಎಣಿಸುವ ಪೆಟ್ಟಿಗೆಗಳಲ್ಲಿ ಈ ವಿದ್ಯೆ ಇವತ್ತಿಗೂ ನಡೆಯುತ್ತದೆ.

ಫೋನಿನ ತಳದಲ್ಲಿ ಐಟಿಐ ಅಂತಿದೆ. ಇದು ನಮ್ಮ ಬೆಂಗಳೂರಿನದ್ದೇನಾ?

ಕಂಪನಿ ಬೆಂಗಳೂರಿನದ್ದೇ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಶುರುವಾಯಿತು, ಕೆ.ಆರ್.ಪುರದ ಹತ್ತಿರದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದೇ ಈ ಕಾರ್ಖಾನೆಯಿಂದ. ಮುಂದೆ ಉತ್ತರ ಪ್ರದೇಶದ ನೈನಿ ಮೊದಲಾದ ಕಡೆಯೂ ಘಟಕಗಳಾದವು, ಹಾಗಾಗಿ ಬರೀ ಐಟಿಐ ಮುದ್ರೆ ನೋಡಿ ಊರು ಹೇಳಲಾಗದು.

ಜೋಡಿಸುವವರಿಗೆ ಮುಖ್ಯವಾದ್ದು ಇನ್ನೊಂದು. ಆರಂಭದ ತಂತ್ರಜ್ಞಾನ ಬ್ರಿಟನ್ನಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯಿಂದ ಬಂತು. ಆದ್ದರಿಂದ ಈ ಫೋನುಗಳ ಒಳಗಿನ ನಡೆ ಬ್ರಿಟಿಷ್ ಪದ್ಧತಿಯದು. ವಿದೇಶದಿಂದ ತಂದ ಫೋನಾದರೆ ಹುಷಾರು: ಸ್ವೀಡನ್ನಿನ ಡಯಲಿನಲ್ಲಿ 0 ಅಂದರೆ ಒಂದೇ ಮಿಡಿತ, ನ್ಯೂಜಿಲೆಂಡಿನದರಲ್ಲಿ 1 ಅಂದರೆ ಒಂಬತ್ತು. ಅಂಥದ್ದನ್ನು ಇಲ್ಲಿ ತಿರುಗಿಸಿದರೆ ಪ್ರತಿ ಕರೆಯೂ ರಾಂಗ್ ನಂಬರ್.

ಚಿಕ್ಕಪೇಟೆ ಭಾನುವಾರದ ಬಜಾರಲ್ಲಿ ಹಿತ್ತಾಳೆ ಫೋನು ನೋಡಿದೆ, ಚೆನ್ನಾಗಿದೆ. ತಗೊಳ್ಳಲಾ?

ಅಂದಕ್ಕೆ ಬೇಕಾದರೆ ತಗೊಳ್ಳಿ. ಫಳಫಳ ಹೊಳೆಯುವ ಹಿತ್ತಾಳೆ-ಮರದ ಫೋನುಗಳಲ್ಲಿ ಹೆಚ್ಚಿನವು ಹೊಸದಾಗಿ ಮಾಡಿದ ನಕಲುಗಳು. ಕೆಲವದರಲ್ಲಿ ಡಯಲಿನಂತೆ ಕಾಣುವುದು ವೃತ್ತಾಕಾರದಲ್ಲಿ ಜೋಡಿಸಿದ ಬಟನ್ನುಗಳಷ್ಟೇ. ನಿಜವಾದ ಡಯಲನ್ನು 0ವರೆಗೆ ತಿರುಗಿಸಿ ಬಿಟ್ಟರೆ ಒಂದೇ ಸಮನೆ ಕಿರ್‌ರ್ ಎನ್ನುತ್ತ ಸುಮಾರು ಒಂದು ಸೆಕೆಂಡಿನಲ್ಲಿ ಹಿಂತಿರುಗುತ್ತದೆ. ನಡುವೆ ತಡವರಿಸಿದರೆ ರಿಪೇರಿ ಕೆಲಸವಿದೆ ಎಂದರ್ಥ. ಬೆಲೆ ಇಳಿಸಲು ಅದೇ ಒಳ್ಳೆಯ ಆಧಾರ.

## ಜೋಡಿಸುವುದು

ಫೋನಿಂದ ಬರೋ ವೈರಲ್ಲಿ ಮೂರು ಎಳೆ ಇದೆ. ಯಾವುದು ಎಲ್ಲಿಗೆ?

ಬೇಕಾದ್ದು ಎರಡೇ ಎಳೆ. ಈಗಿನ ಆರ್‌ಜೆ11 ಪ್ಲಗ್ಗಿನಲ್ಲಿ ಲೈನು ನಡುವಿನ ಎರಡು ಪಿನ್ನುಗಳ ಮೇಲಿರುತ್ತದೆ. ಫೋನಿನ ಆ ಎರಡು ಎಳೆ ಯಾವುದು ಎಂದು ತಿಳಿಯಲು ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು ಜೋಡಿಜೋಡಿಯಾಗಿ ಅಳೆಯಿರಿ. ರಿಸೀವರ್ ಇಟ್ಟಾಗ ಸಂಪರ್ಕವೇ ಇರಬಾರದು, ಎತ್ತಿದಾಗ ಕೆಲವು ನೂರು ಓಮ್ಸ್ ಬರಬೇಕು, ಡಯಲ್ ಹಿಂತಿರುಗುವಾಗ ಮುಳ್ಳು ಕುಣಿಯಬೇಕು. ಈ ಮೂರೂ ಆದ ಜೋಡಿಯೇ ಲೈನು. ಯಾವುದು ಪ್ಲಸ್, ಯಾವುದು ಮೈನಸ್ ಎಂಬ ಚಿಂತೆ ಬೇಡ, ಈ ಫೋನಿಗೆ ಅದು ಲೆಕ್ಕಕ್ಕಿಲ್ಲ.

ಮೂರನೇ ಎಳೆ ಸಾಮಾನ್ಯವಾಗಿ ಗಂಟೆಗೆ ಸಂಬಂಧಪಟ್ಟದ್ದು. ಅದನ್ನು ಕತ್ತರಿಸದೆ, ಟೇಪ್ ಸುತ್ತಿ ಪಕ್ಕಕ್ಕಿಡಿ. ಎಲ್ಲ ಸರಿಯಿದ್ದೂ ಗಂಟೆ ಮಾತ್ರ ಸತ್ತಿದ್ದರೆ, ಫೋನಿನೊಳಗೆ ಗಂಟೆಯನ್ನೂ ಲೈನನ್ನೂ ಕೂಡಿಸುವ ಸಣ್ಣ ಲೋಹದ ಪಟ್ಟಿಯನ್ನು ಹಿಂದೆ ಯಾರೋ ಬಿಚ್ಚಿರಬಹುದು. ಯಾವ ಸ್ಕ್ರೂ ಬಿಚ್ಚುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಬಿಎಸ್‌ಎನ್‌ಎಲ್ ಕಾಲದ ವೈರಿಂಗ್ ಗೋಡೆಯೊಳಗೆ ಹಾಗೇ ಇದೆ. ಅದನ್ನೇ ಬಳಸಬಹುದಾ?

ಧಾರಾಳವಾಗಿ. ಆದರೆ ಮೊದಲು ಹೊರಗಿನಿಂದ ಮನೆಗೆ ಬರುವ ಜೋಡಿಯನ್ನು ಬಿಚ್ಚಿ ಪೂರ್ತಿ ಬೇರ್ಪಡಿಸಿ. ಆ ಲೈನಿನಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಇನ್ನೂ ಜೀವಂತವಿದ್ದರೆ, ಅದರ ಮೇಲೆ ಗಂಟೆಯ 75 ವೋಲ್ಟ್ ಎಸಿ ಬಂತೆಂದರೆ, ನಿಮ್ಮ ಹೊಸ ಪೆಟ್ಟಿಗೆ ಸುಟ್ಟುಹೋಗಬಹುದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಕಂಬದಿಂದ ಕಂಬಕ್ಕೆ ನೇತಾಡುವ ತಂತಿ ಸಿಡಿಲಿಗೂ ಒಳ್ಳೆಯ ದಾರಿ. ಒಳಗಿನ ವೈರಿಂಗ್ ಮನೆಯದು, ಹೊರಗಿನದು ಇಲಾಖೆಯದು. ಎರಡೂ ಒಂದನ್ನೊಂದು ಮುಟ್ಟಬಾರದು.

ಎಟಿಎ ಅಂತಾರಲ್ಲ, ಅದು ಬೇಕೇಬೇಕಾ? ಯಾವುದು ತಗೊಳ್ಳೋದು?

ಎಟಿಎ ಅಂದರೆ ಒಂದು ಕಡೆ ಇಂಟರ್ನೆಟ್ ಕೇಬಲ್, ಇನ್ನೊಂದು ಕಡೆ ಹಳೇ ಫೋನು ಸಿಕ್ಕಿಸಿಕೊಳ್ಳುವ ಸಣ್ಣ ಪೆಟ್ಟಿಗೆ. ಇಂಟರ್ನೆಟ್ ಫೋನ್ ಸೇವೆಯ ಎಸ್‌ಐಪಿ ಖಾತೆಯನ್ನು (ಕರೆ ಜೋಡಿಸುವ ಲಾಗಿನ್ ವಿವರ) ಇದರೊಳಗೆ ತುಂಬಿಸಬೇಕು. ಫೈಬರ್ ಪೆಟ್ಟಿಗೆಯಲ್ಲೂ ಇಂಥದ್ದೇ ಒಂದು ಅಡಗಿರುತ್ತದೆ, ಆದರೆ ಅದರ ಸೆಟ್ಟಿಂಗ್ ನಿಮ್ಮ ಕೈಗೆ ಸಿಗುವುದಿಲ್ಲ. ಬೇರೆ ಎಟಿಎ ಕೊಳ್ಳುವುದು ಆ ಸೆಟ್ಟಿಂಗಿಗಾಗಿಯೇ.

ನಾನು ಹೇಳುವುದು ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801. ಎರಡು ಫೋನಿದ್ದರೆ ಎಚ್‌ಟಿ802. ಎರಡೂ ಪಲ್ಸ್ ಎಣಿಸುತ್ತವೆ, ಆದರೆ ಸೆಟ್ಟಿಂಗಿನಲ್ಲಿ ಪಲ್ಸ್ ಡಯಲಿಂಗ್ ಅನ್ನು ನೀವೇ ಆನ್ ಮಾಡಬೇಕು. ಇದನ್ನು ಮರೆತು ಫೋನು ಕೆಟ್ಟಿದೆ ಎಂದು ತೀರ್ಮಾನಿಸಿದವರು ಬಹಳ ಜನ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಲಿಂಕ್‌ಸಿಸ್ ಪಿಎಪಿ2ಟಿ ಪಲ್ಸ್ ಎಣಿಸುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಕೇಳಿದರೆ "ಎಲ್ಲಾ ಸಪೋರ್ಟ್ ಆಗುತ್ತೆ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದನ್ನು ನಂಬದೆ ಮಾಡೆಲ್ಲಿನ ಡೇಟಾಶೀಟಿನಲ್ಲಿ ಪಲ್ಸ್ ಎಂಬ ಪದ ಇದೆಯೇ ಎಂದು ಅಲ್ಲೇ ನಿಂತು ಮೊಬೈಲಿನಲ್ಲಿ ನೋಡಿ.

ನಮ್ಮ ಫೈಬರ್ ಕಂಪನಿ ಎಸ್‌ಐಪಿ ಪಾಸ್‌ವರ್ಡ್ ಕೊಡಲ್ಲ ಅಂತಿದೆ. ಅವರ ಪೆಟ್ಟಿಗೆ ಪಲ್ಸ್ ಎಣಿಸಲ್ಲ. ಈಗೇನ್ಮಾಡ್ಲಿ?

ಫೋನಿಗೂ ಪೆಟ್ಟಿಗೆಗೂ ನಡುವೆ ಪಲ್ಸನ್ನು ಟೋನ್ ಮಾಡಿಕೊಡುವ ಪರಿವರ್ತಕ ಹಾಕಬೇಕು. ಆಸ್ಟ್ರೇಲಿಯಾದ ಡಯಲ್‌ಗಿಜ್ಮೋ ಲೈನಿನ ನಡುವೆ ಕೂರುತ್ತದೆ, ಬ್ರಿಟನ್ನಿನ ರೋಟಾಟೋನ್ ಫೋನಿನೊಳಗೆ ಕೂರುತ್ತದೆ. ನನ್ನ ಮತ ಮೊದಲನೆಯದಕ್ಕೆ. ನಾಳೆ ಬೇಡವೆನಿಸಿದರೆ ಪ್ಲಗ್ ಕಿತ್ತರಾಯಿತು, ಫೋನು ಇದ್ದ ಹಾಗೇ ಇರುತ್ತದೆ. ತರಿಸಿಕೊಳ್ಳುವಾಗ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬರೀ ಒಳಬರುವ ಕರೆ ಸಾಕು, ಹೊರಗೆ ಕರೆ ಮಾಡಲು ಮೊಬೈಲ್ ಇದೆ ಅನ್ನುವವರಿಗೆ ಇದ್ಯಾವುದೂ ಬೇಡ. ಅಂಥವರೇ ಹೆಚ್ಚು.

## ಜೋಡಿಸಿದ ಮೇಲೆ

ಎಲ್ಲಾ ಸರಿಯಿದೆ, ಗಂಟೆ ಮಾತ್ರ ಟಿಣ್ ಅಂತ ನರಳುತ್ತೆ.

ಭಾರತದ ಲೈನುಗಳಲ್ಲಿ ಗಂಟೆಯ ವಿದ್ಯುತ್ತು 75 ವೋಲ್ಟ್, 25 ಹರ್ಟ್ಸ್. ಅಮೆರಿಕದ ಅಭ್ಯಾಸ 20 ಹರ್ಟ್ಸ್. ಎಟಿಎ ಸೆಟ್ಟಿಂಗಿನಲ್ಲಿ ಗಂಟೆಯ ಆವರ್ತನವನ್ನು 25ಕ್ಕೆ ಬದಲಿಸಿ. ಹೆಚ್ಚು ಶಕ್ತಿಯಲ್ಲಿ ಗಂಟೆ ಹೊಡೆಸುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಲೈನಿನ ದೇಶ ಆರಿಸುವ ಪಟ್ಟಿಯಲ್ಲಿ ಭಾರತ ಕಂಡರೆ ಅದನ್ನೇ ಆರಿಸಿ.

ಆಮೇಲೆ ಗಂಟೆಯ ಬಟ್ಟಲುಗಳನ್ನು ನೋಡಿ. ಅವುಗಳ ನಡುವಿನ ಸ್ಕ್ರೂ ತೂತು ಸರಿ ಮಧ್ಯದಲ್ಲಿರುವುದಿಲ್ಲ, ಬೇಕೆಂದೇ ಒಂದು ಕಡೆಗೆ ಕೊರೆದಿರುತ್ತಾರೆ. ಸ್ಕ್ರೂ ಸಡಿಲಿಸಿ ಬಟ್ಟಲನ್ನು ಸ್ವಲ್ಪ ತಿರುಗಿಸಿದರೆ ಅದು ಸುತ್ತಿಗೆಗೆ ಹತ್ತಿರವೋ ದೂರವೋ ಆಗುತ್ತದೆ. ಎರಡೂ ಬಟ್ಟಲು ಒಂದೇ ಗಟ್ಟಿಯಲ್ಲಿ ದನಿ ಕೊಡುವ ತನಕ ಹೊಂದಿಸಿ. ಈ ಕೆಲಸ ಮಾಡುವಾಗ ಪ್ಲಗ್ ಕಿತ್ತಿಟ್ಟಿರಿ, ಗಂಟೆಯ ವಿದ್ಯುತ್ತು ಬೆರಳಿಗೆ ಚೆನ್ನಾಗಿಯೇ ಚುರುಕು ಮುಟ್ಟಿಸುತ್ತದೆ.

ಮೂರ್ನಾಲ್ಕು ಹಳೇ ಫೋನುಗಳನ್ನು ಒಂದೇ ತೂತಿಗೆ ಸಿಕ್ಕಿಸಿದ್ದರೆ ಸೆಟ್ಟಿಂಗ್ ತಿದ್ದಿ ಫಲವಿಲ್ಲ. ಒಂದೊಂದೇ ಕಿತ್ತು ನೋಡಿ.

7 ತಿರುಗಿಸಿದ್ರೆ 6 ಹೋಗುತ್ತೆ, 0 ತಿರುಗಿಸಿದ್ರೆ ಎರಡು ಅಂಕಿ ಆಗುತ್ತೆ. ಎಟಿಎ ಕೆಟ್ಟಿದೆಯಾ?

ಬಹುಮಟ್ಟಿಗೆ ಇಲ್ಲ, ಡಯಲ್ ನಿಧಾನವಾಗಿದೆ. ಒಳಗೊಂದು ಪುಟ್ಟ ಗವರ್ನರ್ ಇರುತ್ತದೆ: ತಿರುಗುವಾಗ ಅದರ ತೂಕಗಳು ಹೊರಕ್ಕೆ ಹರಡಿ, ಬಟ್ಟಲಿನ ಗೋಡೆಗೆ ಉಜ್ಜಿ, ವೇಗವನ್ನು ಹಿಡಿತದಲ್ಲಿಡುತ್ತವೆ. ಹಲವು ದಶಕಗಳ ಎಣ್ಣೆ ಅಲ್ಲಿ ಗೋಂದಿನಂತಾಗಿ, ಅದರ ಮೇಲೆ ಊರಿನ ಧೂಳು ಕೂತು, ಸೆಕೆಂಡಿಗೆ 10 ಬರಬೇಕಾದ ಮಿಡಿತ 7ಕ್ಕೋ 8ಕ್ಕೋ ಇಳಿದಿರುತ್ತದೆ. ಸ್ಟ್ರೌಜರ್ ಯಂತ್ರ ಸ್ವಲ್ಪ ಸಹಿಸುತ್ತಿತ್ತು. ಎಟಿಎಯ ಸಾಫ್ಟ್‌ವೇರ್ ಅಷ್ಟು ಉದಾರಿಯಲ್ಲ. ಮಿಡಿತಗಳ ನಡುವೆ ಲೈನು ಹೆಚ್ಚು ಹೊತ್ತು ಕೂಡಿದ್ದರೆ ಒಂದು ಅಂಕಿ ಮುಗಿಯಿತು ಎಂದೋ, ಕಡಿತ ಹೆಚ್ಚು ಹೊತ್ತು ನಿಂತರೆ ರಿಸೀವರ್ ಇಟ್ಟರು ಎಂದೋ ತಿಳಿದುಬಿಡುತ್ತದೆ.

ಅಂದಾಜಿನಲ್ಲಿ ಸರಿಮಾಡಲು ಹೋಗಬೇಡಿ, ಅಳೆಯಿರಿ. ಮೊಬೈಲಿನ ಧ್ವನಿ ರೆಕಾರ್ಡರ್ ಆನ್ ಮಾಡಿ ಡಯಲಿನ ಪಕ್ಕದಲ್ಲಿಟ್ಟು 0 ತಿರುಗಿಸಿ. ಆ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದರೆ ಹತ್ತು ಮಿಡಿತಗಳೂ ಹತ್ತು ಏಣುಗಳಾಗಿ ಕಾಣುತ್ತವೆ. ಮೊದಲನೆಯದರಿಂದ ಹತ್ತನೆಯದಕ್ಕೆ 0.9 ಸೆಕೆಂಡ್ ಇದ್ದರೆ ಡಯಲ್ ಸರಿಯಾಗಿದೆ. 1.1 ದಾಟಿದರೆ ಶುಚಿ ಮಾಡಬೇಕು. ಏಣುಗಳ ನಡುವಿನ ಅಂತರವೂ ಸಮವಾಗಿರಬೇಕು. ಕೊನೆಕೊನೆಗೆ ಹಿಗ್ಗುತ್ತ ಹೋದರೆ ಸ್ಪ್ರಿಂಗ್ ಸೋತಿದೆ.

ಶುಚಿ ಮಾಡಲು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಒಂದು ಸಣ್ಣ ಬ್ರಷ್ ಸಾಕು. ಆಮೇಲೆ ಗವರ್ನರಿನ ಅಚ್ಚಿಗೆ ಸೂಜಿಮೊನೆಯಲ್ಲಿ ಗಡಿಯಾರದ ಎಣ್ಣೆ ಮುಟ್ಟಿಸಿ, ಹನಿಯಾಗುವಷ್ಟು ಬೇಡ. ತೂಕಗಳು ಉಜ್ಜುವ ಜಾಗಕ್ಕೆ ಎಣ್ಣೆ ತಾಗಿದರೆ ಹಿಡಿತವೇ ತಪ್ಪಿ ಡಯಲ್ ಓಡತೊಡಗುತ್ತದೆ. ಕೊಬ್ಬರಿ ಎಣ್ಣೆ ಹಾಕಬಹುದಾ ಎಂದು ಕೇಳುವವರಿಗೆ: ದಯವಿಟ್ಟು ಬೇಡ, ಡಿಸೆಂಬರಿನ ಚಳಿಗೆ ಗಟ್ಟಿಯಾಗುತ್ತದೆ. ಮಿಡಿತ ಕೊಡುವ ಸಂಪರ್ಕದ ತುದಿಗಳ ನಡುವೆ ಒಂದು ತುಂಡು ಗಟ್ಟಿ ಕಾಗದ ಸೇರಿಸಿ ಮೆಲ್ಲಗೆ ಎಳೆದರೆ ಕಪ್ಪು ಬಿಟ್ಟುಕೊಡುತ್ತದೆ. ಉಪ್ಪುಕಾಗದ ಹತ್ತಿರಕ್ಕೂ ತರಬೇಡಿ.

ಆ ಕಡೆಯವರು "ಬಾವಿಯೊಳಗಿಂದ ಮಾತಾಡ್ತಿದ್ದೀರಾ" ಅಂತಾರೆ.

ಮೌತ್‌ಪೀಸಿನ ಒಳಗೆ ಇಂಗಾಲದ ಹರಳುಗಳಿವೆ. ನಿಮ್ಮ ದನಿಗೆ ಅವು ಒತ್ತಿ ಸಡಿಲವಾದಂತೆ ವಿದ್ಯುತ್ ಏರಿಳಿಯುತ್ತದೆ. ವರ್ಷಗಟ್ಟಲೆ ತೇವ ಹೀರಿದ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮುಚ್ಚಳ ತಿರುಗಿಸಿ ಆ ಬಿಲ್ಲೆಯನ್ನು ಹೊರತೆಗೆದು ಅಂಗೈ ಮೇಲೆ ಹಗುರಾಗಿ ತಟ್ಟಿ. ಸ್ವಲ್ಪ ಕಾಲ ಸರಿಹೋಗುತ್ತದೆ. ಮತ್ತೆ ಕೆಟ್ಟರೆ ಅದೇ ಅಳತೆಯ ಎಲೆಕ್ಟ್ರೆಟ್ (ಇಂಗಾಲವಿಲ್ಲದ, ಈಗಿನ ಬಗೆಯ ಮೈಕ್) ಬಿಲ್ಲೆ ಹಾಕಬಹುದು. ಕತ್ತರಿ ಬೇಡದ, ಯಾವಾಗ ಬೇಕಾದರೂ ವಾಪಸ್ ಬದಲಿಸಬಹುದಾದ ರಿಪೇರಿ ಆದ್ದರಿಂದ ಇದಕ್ಕೆ ನನ್ನ ತಕರಾರಿಲ್ಲ.

ಮೊಬೈಲ್ ನಂಬರ್ ಅರ್ಧ ತಿರುಗಿಸೋ ಹೊತ್ತಿಗೆ ಕರೆ ಹೊರಟೇ ಹೋಗುತ್ತೆ!

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮುಂದೆ 0 ಸೇರಿಸಬೇಕು. ಅಂದರೆ ಒಟ್ಟು 11 ಅಂಕಿ, ಮೊದಲನೆಯದೇ ಅತಿ ಉದ್ದದ್ದು, ಅದರ ಬೆನ್ನಿಗೆ ಬರುವುದು 6ರಿಂದ 9ರೊಳಗಿನ ಅಂಕಿ. ಬೆರಳಿನ ವ್ಯಾಯಾಮ ಮುಗಿಯಲು ಇಪ್ಪತ್ತು ಸೆಕೆಂಡ್ ಹಿಡಿದರೂ ಆಶ್ಚರ್ಯವಿಲ್ಲ. ಎಟಿಎಗಳು ಬಟನ್ ಒತ್ತುವವರ ವೇಗಕ್ಕೆ ಹೊಂದಿಕೊಂಡಿರುತ್ತವೆ. ನಾಲ್ಕು ಸೆಕೆಂಡ್ ಸುಮ್ಮನಿದ್ದರೆ ನಂಬರ್ ಮುಗಿಯಿತೆಂದು ಕಳಿಸಿಬಿಡುತ್ತವೆ. ಆ ಕಾಯುವ ಸಮಯವನ್ನು ಎಂಟು ಸೆಕೆಂಡಿಗೆ ಏರಿಸಿ. ಜೊತೆಗೆ ಡಯಲ್ ಪ್ಲಾನಿನಲ್ಲಿ (ಯಾವ ನಂಬರನ್ನು ಯಾವಾಗ ಕಳಿಸಬೇಕು ಎಂದು ಎಟಿಎಗೆ ಹೇಳುವ ಪಟ್ಟಿ), 0ಯಿಂದ ಶುರುವಾದರೆ 11 ಅಂಕಿ ಆದೊಡನೆ, 2 ಅಥವಾ 4ರಿಂದ ಶುರುವಾದರೆ 8 ಅಂಕಿ ಆದೊಡನೆ ಕಳಿಸು ಎಂದು ಬರೆದಿಟ್ಟರೆ ಕೊನೆಯಲ್ಲಿ ಕಾಯುವ ಕಷ್ಟವೂ ಇಲ್ಲ.

ಅಲ್ಲೇ ಶಾರ್ಟ್ ನಂಬರುಗಳನ್ನೂ ಮಾಡಿಕೊಳ್ಳಿ. 21 ತಿರುಗಿಸಿದರೆ ಮಗಳಿಗೆ, 22 ತಿರುಗಿಸಿದರೆ ಡಾಕ್ಟರಿಗೆ. ಸಣ್ಣ ಅಂಕಿಗಳನ್ನೇ ಆರಿಸುವುದು ಜಾಣತನ. ಆದರೆ 11ರಿಂದ ಶುರುವಾಗುವುದು ಬೇಡ, 112 ತುರ್ತು ಸೇವೆಯ ಸಂಖ್ಯೆ.

"ಕನ್ನಡಕ್ಕಾಗಿ ಒಂದನ್ನು ಒತ್ತಿ" ಅಂದಾಗ ಏನು ಮಾಡೋದು?

ಬೆಸ್ಕಾಂನ 1912, ಜಲಮಂಡಳಿಯ 1916ಕ್ಕೆ ಕರೆ ಹೋಗುತ್ತದೆ, ಆಮೇಲೆ ಯಂತ್ರದ ಹೆಂಗಸು ಒತ್ತಿ ಅನ್ನುತ್ತಾಳೆ, ನಿಮ್ಮಲ್ಲಿ ಒತ್ತಲು ಏನೂ ಇಲ್ಲ. ಪಲ್ಸನ್ನು ಟೋನ್ ಮಾಡುವ ಪರಿವರ್ತಕವಿದ್ದರೆ ಕರೆಯ ನಡುವೆಯೂ ಡಯಲ್ ತಿರುಗಿಸಿ ಉತ್ತರಿಸಬಹುದು. ಅದಿಲ್ಲದವರು ಮೊಬೈಲಿನಲ್ಲಿ ಡಿಟಿಎಂಎಫ್ (ಬಟನ್ ಫೋನಿನ ಜೋಡಿ ಸ್ವರದ) ಟೋನ್ ಹೊರಡಿಸುವ ಆ್ಯಪ್ ಹಾಕಿಕೊಂಡು ಸ್ಪೀಕರನ್ನು ಮೌತ್‌ಪೀಸಿಗೆ ಹಿಡಿಯುತ್ತಾರೆ. ಕೆಲವೊಮ್ಮೆ ನಡೆಯುತ್ತದೆ. ಆದರೆ ಮೊಬೈಲ್ ಕೈಯಲ್ಲೇ ಇದ್ದಮೇಲೆ ಅದರಲ್ಲೇ ಕರೆ ಮಾಡುವುದು ಲೇಸು.

ಕರೆಂಟ್ ಹೋದ್ರೂ ಹಳೇ ಫೋನು ನಡೀತಿತ್ತಲ್ಲ?

ಆಗ ವಿದ್ಯುತ್ ಬರುತ್ತಿದ್ದದ್ದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ. ಈಗ ಫೈಬರ್ ಪೆಟ್ಟಿಗೆ, ಎಟಿಎ ಎರಡಕ್ಕೂ ನಿಮ್ಮ ಮನೆಯ ಕರೆಂಟೇ ಗತಿ. ರೂಟರಿಗೆ ಹಾಕುವ ಪುಟ್ಟ ಯುಪಿಎಸ್ ಸಾಕಾಗುತ್ತದೆ, ವೋಲ್ಟೇಜ್ ಮಾತ್ರ ನೋಡಿಕೊಳ್ಳಿ: ಹೆಚ್ಚಿನ ರೂಟರುಗಳು 12 ವೋಲ್ಟ್, ಎಚ್‌ಟಿ801 5 ವೋಲ್ಟ್. ಎರಡೂ ಹೊರಗಂಡಿಗಳಿರುವ ಯುಪಿಎಸ್ ಸಿಗುತ್ತದೆ. ತುರ್ತಿಗೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಇದೆಲ್ಲ ಕಾನೂನುಬದ್ಧವಾ? ಯಾರೋ ಹೆದರಿಸಿದರು.

ನಿಮ್ಮ ಲೈನಿಗೆ ನಿಮ್ಮ ಫೋನು ಸಿಕ್ಕಿಸುವುದರಲ್ಲಿ ಹೆದರುವಂಥದ್ದೇನೂ ಇಲ್ಲ. ಭಾರತದಲ್ಲಿ ಇಂಟರ್ನೆಟ್ ಟೆಲಿಫೋನಿಗೆ ಬಾಗಿಲು ತೆರೆದದ್ದು 2002ರ ಏಪ್ರಿಲ್ 1ರಂದು, ಆದರೆ ದೇಶದೊಳಗಿನ ಸಾಮಾನ್ಯ ಫೋನ್ ಜಾಲಕ್ಕೆ ಅದನ್ನು ಕೂಡಿಸುವಂತಿರಲಿಲ್ಲ. 2018ರಲ್ಲಿ ಪರವಾನಗಿಯ ಷರತ್ತು ಬದಲಾಗಿ, ದೂರಸಂಪರ್ಕ ಕಂಪನಿಗಳು ಇಂಟರ್ನೆಟ್ ಮೂಲಕ ಯಾವ ನಂಬರಿಗಾದರೂ ಕರೆ ಕೊಡಲು ಅವಕಾಶವಾಯಿತು. ನಂಬರನ್ನು ಪರವಾನಗಿ ಇರುವ ಕಂಪನಿಯಿಂದಲೇ ಪಡೆಯಿರಿ.

ದಾಟಬಾರದ ಗೆರೆ ಒಂದಿದೆ: ಹೊರಗಿನವರ ಇಂಟರ್ನೆಟ್ ಕರೆಗಳನ್ನು ನಿಮ್ಮ ಸಿಮ್ಮಿನ ಮೂಲಕವೋ ಲೈನಿನ ಮೂಲಕವೋ ಸ್ಥಳೀಯ ಕರೆಯಾಗಿ ಮಾಡಿ ದಾಟಿಸುವುದು. ಅದು ಅಕ್ರಮ ಎಕ್ಸ್‌ಚೇಂಜ್. ಸಿಮ್ ಬಾಕ್ಸ್ ಇಟ್ಟವರ ಮೇಲೆ ಈ ನಗರದಲ್ಲೇ ಪೊಲೀಸ್ ದಾಳಿಗಳಾಗಿವೆ.

ಬೆಂಗಳೂರಲ್ಲೊಂದು, ಊರಲ್ಲಿ ಅಮ್ಮನ ಹತ್ರ ಒಂದು ಇಟ್ಟು, ಎರಡನ್ನೇ ಮಾತಾಡಿಸಬಹುದಾ?

ಬರುವ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ನಂಬರೂ ಬೇಡ, ಕಂಪನಿಯೂ ಬೇಡ. ಎರಡೂ ಮನೆಯಲ್ಲಿ ಒಂದೊಂದು ಎಟಿಎ, ಒಂದು ಕಡೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಆ್ಯಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶ. ಮನೆಯೊಳಗೇ ಒಂದು ಎಕ್ಸ್‌ಚೇಂಜ್ ತಯಾರು. ಎರಡು ಅಂಕಿ ತಿರುಗಿಸಿದರೆ ಊರಿನ ಫೋನು ಹೊಡೆದುಕೊಳ್ಳುತ್ತದೆ.

ತೊಡಕು ಬರುವುದು ಇಂಟರ್ನೆಟ್ಟಿನ ಕಡೆಯಿಂದ. ಇಲ್ಲಿನ ಎಷ್ಟೋ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಹೊರವಿಳಾಸ ಇರುತ್ತದೆ, ಹಾಗಾಗಿ ಹೊರಗಿನಿಂದ ನಿಮ್ಮ ಪೈ ಅನ್ನು ನೇರವಾಗಿ ತಲುಪಲಾಗದು. ಎರಡೂ ಕಡೆ ವೈರ್‌ಗಾರ್ಡ್ ಸುರಂಗ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಹಾಕಿ, ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ಬಾಡಿಗೆ ಸರ್ವರಿನ ಮೂಲಕ ಕೂಡಿಸುವುದು ನಂಬಿಕಸ್ತ ದಾರಿ.

ಅಮ್ಮನ ಎಟಿಎಯಲ್ಲಿ ಹಾಟ್‌ಲೈನ್ ಸೆಟ್ಟಿಂಗ್ ಹಾಕಿ. ರಿಸೀವರ್ ಎತ್ತಿದರೆ ಸಾಕು, ತಾನಾಗಿ ನಿಮ್ಮ ಮನೆಗೆ ಕರೆ ಬರುತ್ತದೆ. ಕಣ್ಣು ಮಂಜಾದವರಿಗೆ, ಸ್ಮಾರ್ಟ್‌ಫೋನಿನ ಗಾಜು ಬೆರಳಿಗೆ ಓಗೊಡದವರಿಗೆ ಇದಕ್ಕಿಂತ ಸುಲಭದ ಫೋನಿಲ್ಲ.

ಸುಮ್ನೆ ಒಳಗಿರೋದೆಲ್ಲ ತೆಗೆದು ಬ್ಲೂಟೂತ್ ಬೋರ್ಡ್ ಹಾಕ್ಬಿಟ್ರೆ?

ಹಾಕಿದವರಿದ್ದಾರೆ, ನಡೆಯುತ್ತದೆ ಕೂಡ. ನಾನು ಬೇಡ ಎನ್ನುತ್ತೇನೆ. ಗಂಟೆ, ಸುರುಳಿ, ಕೆಪಾಸಿಟರ್ ಕಿತ್ತುಹಾಕಿದ ಮೇಲೆ ಉಳಿಯುವುದು ಬೇಕಲೈಟಿನ ಡಬ್ಬ. ಆ ಬೋರ್ಡ್ ಹಾಳಾದ ದಿನ ವಾಪಸ್ ಹೋಗಲು ದಾರಿಯಿಲ್ಲ. ಮೊಬೈಲಿಗೇ ಕೂಡಿಸಬೇಕೆಂಬ ಆಸೆಯಿದ್ದರೆ, ಹೊರಗೇ ಇಟ್ಟುಕೊಳ್ಳುವ, ಫೋನಿಗೆ ಲೈನ್ ಕೊಡುವ ಬ್ಲೂಟೂತ್ ಪೆಟ್ಟಿಗೆಗಳಿವೆ. ಪಲ್ಸ್ ಎಣಿಸುವಂಥದ್ದನ್ನು ನೋಡಿ ಕೊಳ್ಳಿ.

ಯಾವ ಕೋಡೆಕ್ ಇಡಬೇಕು?

ಕೋಡೆಕ್ ಅಂದರೆ ದನಿಯನ್ನು ಇಂಟರ್ನೆಟ್ಟಿನಲ್ಲಿ ಕಳಿಸಲು ಅಂಕಿಗಳಾಗಿಸುವ ವಿಧಾನ. ಇಡಬೇಕಾದ್ದು ಜಿ.711 ಎ-ಲಾ. ಒಂದು ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 90 ಕಿಲೋಬಿಟ್ ಸಾಕು; ಈಗಿನ ಫೈಬರಿಗೆ ಅದು ಲೆಕ್ಕವೇ ಅಲ್ಲ.

ಸ್ವಲ್ಪ ಹೊತ್ತು ಸರಿ ಇರುತ್ತೆ, ಆಮೇಲೆ ಒಳಬರೋ ಕರೆ ಬರೋದೇ ನಿಲ್ಲುತ್ತೆ.

ರೂಟರ್ ನಿಮ್ಮ ಎಟಿಎಯನ್ನು ಮರೆತುಬಿಡುತ್ತಿದೆ. ಎಟಿಎಯಲ್ಲಿ ಕೀಪ್-ಅಲೈವ್ (ನಾನಿದ್ದೇನೆ ಎಂದು ಆಗಾಗ ಸುಳಿವು ಕಳಿಸುವ ಸೆಟ್ಟಿಂಗ್) ಆನ್ ಮಾಡಿ, ಅವಧಿಯನ್ನು ಇಪ್ಪತ್ತು-ಮೂವತ್ತು ಸೆಕೆಂಡಿಗೆ ಇಳಿಸಿ. ರೂಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಎಂಬುದಿದ್ದರೆ ಆಫ್ ಮಾಡಿ. ಸಹಾಯಕ್ಕೆಂದು ಇಟ್ಟ ಸೌಲಭ್ಯ ಅದು, ಮಾಡುವುದು ಹೆಚ್ಚಾಗಿ ಉಪದ್ರವವೇ. ಇದನ್ನು ಸರಿಪಡಿಸುವ ಆತುರದಲ್ಲಿ ಎಸ್‌ಐಪಿ ಬಳಸುವ 5060 ಪೋರ್ಟನ್ನು ಹೊರಜಗತ್ತಿಗೆ ತೆರೆದಿಡಬೇಡಿ. ಅಂಥ ತೆರೆದ ಬಾಗಿಲನ್ನು ಹುಡುಕುವ ಯಂತ್ರಗಳು ಹಗಲೂ ರಾತ್ರಿ ಅಲೆಯುತ್ತಿರುತ್ತವೆ. ಸಿಕ್ಕರೆ ನಿಮ್ಮ ಖಾತೆಯಿಂದ ದುಬಾರಿ ವಿದೇಶಿ ಕರೆಗಳು ಹೊರಡುತ್ತವೆ. ಎಟಿಎ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡನ್ನು ಪೆಟ್ಟಿಗೆ ಬಿಚ್ಚಿದ ದಿನವೇ ಬದಲಿಸಿ, ಐಎಸ್‌ಡಿ ಬೇಡದಿದ್ದರೆ 00ಯಿಂದ ಶುರುವಾಗುವ ನಂಬರುಗಳನ್ನು ಡಯಲ್ ಪ್ಲಾನಿನಲ್ಲೇ ತಡೆಯಿರಿ. ಈಗಿನ ಕಾಲದ ಡಯಲ್ ಬೀಗ ಅದೇ, ಕೊಕ್ಕೆ ಕುಟ್ಟಿದರೂ ತೆರೆಯುವುದಿಲ್ಲ.